ಗಾಳಿ ಇಳಿದರೂ ಕಡಲು ಇಳಿಯಲ್ಲ

2021ರ ಮೇ ತಿಂಗಳು. ತೌಕ್ತೆ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಗುಜರಾತ್ ಕಡೆಗೆ ಹೊರಟಿತ್ತು. ನಮ್ಮ ಮಾವನ ಮನೆ ಸೋಮೇಶ್ವರ ಉಚ್ಚಿಲದಲ್ಲಿ, ಕಡಲಿಗೆ ತೀರಾ ಹತ್ತಿರ. ಬೆಂಗಳೂರಿನಲ್ಲಿ ಕೂತು ಫೋನ್‌ನ ಆ್ಯಪ್‌ನಲ್ಲಿ ಗಾಳಿಯ ವೇಗ ನೋಡಿ, "ಚಂಡಮಾರುತ ದೂರ ಇದೆ ಮಾವ, ಏನೂ ಆಗಲ್ಲ" ಅಂದಿದ್ದೆ. ಮರುದಿನ ಅವರೇ ಫೋನ್ ಮಾಡಿದರು. "ಗಾಳಿ ಅಂಥಾದ್ದೇನಿಲ್ಲ ಮಾರಾಯ. ಆದ್ರೆ ಕಡಲು ಅಂಗಳಕ್ಕೇ ಬಂದಿದೆ."

ಎರಡು ತೆಂಗಿನಮರ ಹೋದವು, ಮನೆ ಉಳಿಯಿತು. ನಾನು ನೋಡಿದ ಅಂಕಿ ಸರಿಯಾಗಿತ್ತು, ಹೇಳಿದ ಮಾತು ತಪ್ಪಾಗಿತ್ತು. ಹೇಗೆ ಅಂತ ಹುಡುಕುತ್ತಾ ಹೋದವನು ಅಮೆರಿಕದ ಕತ್ರಿನಾ ಹರಿಕೇನ್‌ಗೆ ಹೋಗಿ ಮುಟ್ಟಿದೆ. ಹರಿಕೇನ್ ಅಂದರೆ ಬೇರೇನಲ್ಲ, ನಮ್ಮ ಚಂಡಮಾರುತವೇ.

2005ರ ಆಗಸ್ಟ್ 28ರಂದು ಮೆಕ್ಸಿಕೋ ಕೊಲ್ಲಿಯಲ್ಲಿದ್ದ ಕತ್ರಿನಾ 5ನೇ ದರ್ಜೆಯದು, ಗಾಳಿ ಗಂಟೆಗೆ ಸುಮಾರು 280 ಕಿ.ಮೀ. ಮರುದಿನ ದಡ ಮುಟ್ಟುವಾಗ 3ನೇ ದರ್ಜೆಗೆ ಇಳಿದಿತ್ತು. ಮಿಸಿಸಿಪಿ ತೀರದ ಎಷ್ಟೋ ಜನ 1969ರ ಕಮೀಲ್ ಹರಿಕೇನ್ ನೋಡಿದ್ದವರು. ಅದು ದಡಕ್ಕೆ ಬಂದಾಗಲೂ 5ನೇ ದರ್ಜೆ. ಅದನ್ನೇ ತಡೆದುಕೊಂಡ ಮನೆ ಇದನ್ನು ತಡೆಯಲ್ವಾ ಅಂದುಕೊಂಡು ಅಲ್ಲೇ ಉಳಿದವರಿದ್ದರು. ಗಾಳಿ ಇಳಿದಿತ್ತು ನಿಜ, ಆದರೆ ಹಿಂದಿನ ದಿನ ಎದ್ದ ಅಲೆಗಳು ಇಳಿದಿರಲಿಲ್ಲ. ಅಲಬಾಮ ತೀರದಾಚೆ ಲಂಗರು ಹಾಕಿ ತೇಲಿಬಿಟ್ಟಿದ್ದ ಅಳತೆಯ ಯಂತ್ರವೊಂದು ಸುಮಾರು 17 ಮೀಟರ್ ಅಲೆ ದಾಖಲಿಸಿತು. ಇದು ಅತಿ ದೊಡ್ಡ ಅಲೆಯ ಎತ್ತರ ಅಲ್ಲ, ಎತ್ತರದ ಮೂರನೇ ಒಂದು ಭಾಗ ಅಲೆಗಳ ಸರಾಸರಿ. ಒಂಟಿ ಅಲೆ ಅದರ ಎರಡು ಪಟ್ಟಿನ ಹತ್ತಿರಕ್ಕೂ ಹೋಗಬಹುದು. ಮಿಸಿಸಿಪಿ ದಡದಲ್ಲಿ ನೀರು ಸುಮಾರು 8.5 ಮೀಟರ್ ಏರಿತು. 2010ರಲ್ಲಿ ಅಮೆರಿಕದವರು ಆ ದರ್ಜೆಯ ಪಟ್ಟಿಯಿಂದ ನೀರಿನ ಉಬ್ಬರದ ಅಂಕಿಗಳನ್ನೇ ತೆಗೆದು ಹಾಕಿದರು. ಗಾಳಿಯ ದರ್ಜೆ ನೋಡಿ ನೀರನ್ನು ಅಳೆಯಬೇಡಿ ಅಂತ.

ಹಾಗಾದರೆ ಅಲೆಯನ್ನು ಲೆಕ್ಕ ಹಾಕೋದು ಹೇಗೆ? ಇಲ್ಲೇ ನನ್ನಂಥ ಸಾಫ್ಟ್‌ವೇರ್‌ನವನಿಗೆ ಮಜಾ. ನಮ್ಮ ಕೆಲಸದಲ್ಲಿ 'ಕಪ್ಲಿಂಗ್' ಅಂದರೆ ಬೈಗುಳ. ಒಂದು ಮಾಡ್ಯೂಲ್ ಇನ್ನೊಂದಕ್ಕೆ ಅಂಟಿಕೊಂಡಿದ್ದರೆ ಕೋಡ್ ರಿವ್ಯೂನಲ್ಲಿ ಮುಲಾಜಿಲ್ಲದೆ ವಾಪಸ್ ಕಳಿಸ್ತೀನಿ. ಕಡಲನ್ನು ಹಾಗೆ ಬಿಡಿಸಿಡೋಕೆ ಆಗಲ್ಲ. ಗಾಳಿ ಅಲೆ ಎಬ್ಬಿಸುತ್ತೆ. ಎದ್ದ ಅಲೆ ಸಮುದ್ರದ ಮೈಯನ್ನು ಒರಟು ಮಾಡಿ ಅದೇ ಗಾಳಿಗೆ ತಡೆಯಾಗುತ್ತೆ. ಎರಡೂ ಸೇರಿ ನೀರು ಕಲಕಿ ಕೆಳಗಿನ ತಣ್ಣನೆ ನೀರನ್ನು ಮೇಲೆ ತರುತ್ತವೆ. ಬೆಚ್ಚಗಿನ ನೀರೇ ಇಂಧನವಾದ ಹರಿಕೇನ್ ಅದರಿಂದ ಸೊರಗುತ್ತೆ. ಗಾಳಿ, ನೀರು, ಅಲೆ ಮೂರಕ್ಕೂ ಬೇರೆ ಬೇರೆ ಮಾಡೆಲ್ ಇವೆ. ಅವು ಲೆಕ್ಕದ ಮಧ್ಯೆ ಮಧ್ಯೆ ಒಂದಕ್ಕೊಂದು ಮಾತಾಡಲೇಬೇಕು.

ಅಲೆಯ ಮಾಡೆಲ್ ಒಂದೊಂದು ಅಲೆಯನ್ನೂ ಎಣಿಸುತ್ತೆ ಅಂದುಕೊಂಡಿದ್ದೆ. ಇಲ್ಲ. ಸಮುದ್ರದ ಪ್ರತಿ ಜಾಗಕ್ಕೂ ಒಂದು ಎಕ್ಸೆಲ್ ಶೀಟ್ ಇದೆ ಅಂದುಕೊಳ್ಳಿ: ಸಾಲುಗಳಲ್ಲಿ ದಿಕ್ಕು, ಕಾಲಮ್‌ಗಳಲ್ಲಿ ಅಲೆ ಎಷ್ಟು ಸೆಕೆಂಡಿಗೊಮ್ಮೆ ಬರುತ್ತೆ ಅನ್ನೋದು, ಒಳಗೆ ತುಂಬಿರೋದು ಶಕ್ತಿ. ಆ ಶಕ್ತಿ ಹುಟ್ಟಿದ ಜಾಗದಿಂದ ಪಕ್ಕದ ಜಾಗಕ್ಕೆ ದಾಟುತ್ತಾ ಹೋಗುತ್ತೆ. ಗಾಳಿ ನಿಂತರೂ ಶಕ್ತಿ ಪ್ರಯಾಣ ನಿಲ್ಲಿಸಲ್ಲ. ಮಾವನ ಅಂಗಳಕ್ಕೆ ಬಂದಿದ್ದು ಇದೇ.

ದಡದ ಹತ್ತಿರ ಲೆಕ್ಕ ಇನ್ನೂ ಜಟಿಲ. ನೆದರ್‌ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹುಟ್ಟಿದ 'ಸ್ವಾನ್' ಅಲೆ ನೋಡಿಕೊಳ್ಳುತ್ತೆ. ಅಮೆರಿಕದ 'ಆ್ಯಡ್‌ಸರ್ಕ್' ನೀರಿನ ಮಟ್ಟ, ಪ್ರವಾಹ ನೋಡಿಕೊಳ್ಳುತ್ತೆ. ಅಲೆ ಒಡೆದಾಗ ನೀರನ್ನು ದಡದತ್ತ ತಳ್ಳಿ ಮಟ್ಟ ಏರಿಸುತ್ತೆ. ಮಟ್ಟ ಏರಿದರೆ ಇನ್ನೂ ದೊಡ್ಡ ಅಲೆ ಒಳಗೆ ಬರಬಹುದು. ಕತ್ರಿನಾ, ರೀಟಾ ಹರಿಕೇನ್‌ಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಜೋಡಣೆಯಲ್ಲಿ ಎರಡೂ ಒಂದೇ ಬಲೆಯ ಮೇಲೆ, ಅವೇ ಪ್ರೊಸೆಸರ್‌ಗಳಲ್ಲಿ ಓಡುತ್ತವೆ, ಮಾಹಿತಿಯನ್ನು ಮೆಮೊರಿಯಲ್ಲೇ ಕೊಟ್ಟು ತಗೊಳ್ಳುತ್ತವೆ. ಬಲೆಯ ಕಣ್ಣು ಆಳಸಮುದ್ರದಲ್ಲಿ ಕಿಲೋಮೀಟರ್‌ಗಟ್ಟಲೆ, ದಡದ ಕಾಲುವೆಗಳಲ್ಲಿ ಹತ್ತಾರು ಮೀಟರ್. ನನ್ನ ರಿವ್ಯೂಗೆ ಬಂದಿದ್ದರೆ ಮೊದಲ ನೋಟಕ್ಕೇ ತಿರಸ್ಕರಿಸುತ್ತಿದ್ದೆ, ಅಷ್ಟು ಬಿಗಿ ಜೋಡಣೆ.

ಜೋಡಿಸಿಬಿಟ್ಟರೆ ಎಲ್ಲ ಸರಿಹೋಯ್ತು ಅಂತಲ್ಲ. ಗಾಳಿ ಜೋರಾದಷ್ಟೂ ಸಮುದ್ರದ ಮೇಲೆ ಅದರ ಹಿಡಿತ ಹೆಚ್ಚುತ್ತಲೇ ಹೋಗುತ್ತೆ ಅಂತ ಹಳೆಯ ಸೂತ್ರವಿತ್ತು. ವಿಮಾನದಿಂದ ಹರಿಕೇನ್‌ಗಳ ಒಳಗೆ ಬೀಳಿಸಿದ ಜಿಪಿಎಸ್ ಉಪಕರಣಗಳ ಅಳತೆ 2003ರಲ್ಲಿ ಬೇರೆಯದೇ ತೋರಿಸಿತು: ಗಂಟೆಗೆ ಸುಮಾರು 120 ಕಿ.ಮೀ. ದಾಟಿದ ಮೇಲೆ ಹಿಡಿತ ಹೆಚ್ಚೋದು ನಿಲ್ಲುತ್ತೆ. ಮರುವರ್ಷ ಐವನ್ ಹರಿಕೇನ್ ಅಮೆರಿಕದ ನೌಕಾಪಡೆಯ ಸಂಶೋಧನಾಲಯ ಸಮುದ್ರದ ತಳದಲ್ಲಿಟ್ಟಿದ್ದ ಸಂವೇದಕಗಳ ಮೇಲೆಯೇ ಹಾದುಹೋಯಿತು. ಸಿಕ್ಕಿದ ಅತಿ ಎತ್ತರದ ಅಲೆ 27.7 ಮೀಟರ್. ಅವು ಗಂಟೆಗಟ್ಟಲೆ ಬಿಟ್ಟು ಕೆಲವೇ ನಿಮಿಷ ಅಳೆಯುತ್ತಿದ್ದವು, ಹಾಗಾಗಿ ಇನ್ನೂ ದೊಡ್ಡವು ತಪ್ಪಿಸಿಕೊಂಡಿರಬೇಕು ಅಂತ ವಿಜ್ಞಾನಿಗಳೇ ಬರೆದರು.

ಈಗ ಮಳೆಗಾಲದ ಮುಂಚೆ ಹೈದರಾಬಾದಿನ ಇನ್‌ಕಾಯ್ಸ್‌ನ ಅಲೆ ಮುನ್ಸೂಚನೆ ತೆಗೆದು ನೋಡ್ತೀನಿ. ಎತ್ತರ ಒಂದೇ ಅಲ್ಲ, ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡು ಅಂತಲೂ. ದೂರದಿಂದ ಬಂದ ಅಲೆಗೆ ಆ ಅಂತರ ಜಾಸ್ತಿ, ಎತ್ತರ ಕಡಿಮೆ ಕಂಡರೂ ದಡ ಕೊರೆಯುತ್ತೆ. ಇದನ್ನು ಒಮ್ಮೆ ಮಾವನಿಗೆ ವಿವರಿಸಿದ್ದೆ, ಹೂಂ ಅಂದು ಸುಮ್ಮನಾಗಿದ್ದರು. ಹೋದ ಸಲ ಫೋನ್ ಮಾಡಿದಾಗ ಗಾಳಿ ಬಗ್ಗೆ ಅವರು ಕೇಳಲೇ ಇಲ್ಲ. "ಎಷ್ಟು ಸೆಕೆಂಡು ತೋರಿಸ್ತದೆ ಮಾರಾಯ?" ಅಂದರು.