ಹೂವು ಬಿಡಿ, ದೊನ್ನೆ ನೋಡಿ

ಮಳೆ ಹಿಡಿದ್ರೆ ಸಾಕು, ಹಳ್ಳದ ದಂಡೆ, ರಸ್ತೆ ಅಂಚು, ಹಾಸ್ಟೆಲ್ ಹಿಂದಿನ ಚರಂಡಿ, ಎಲ್ಲಿ ತೇವ ಇದ್ಯೋ ಅಲ್ಲೆಲ್ಲ ಉಗುರಿನಷ್ಟಗಲದ ನೀಲಿ ಹೂವು ಕಾಣುತ್ತೆ. ಅದು ಕನ್ನೆ ಸೊಪ್ಪು. ಹಿತ್ತಗಣಿ ಅಂತಲೂ ಕರೀತಾರೆ. ನಮ್ಮ ನೆಲದ್ದೇ ಗಿಡ. ಮೊದಲ ಕ್ಲಾಸಿಗೆ ನಾವು ಓಡುವಾಗ ಅರಳಿರುತ್ತೆ, ಮಧ್ಯಾಹ್ನ ಮೆಸ್ಸಿಗೆ ಹೋಗೋ ಹೊತ್ತಿಗೆ ಮುದುಡಿ ಅಂಟಂಟಾಗಿರುತ್ತೆ. ಹಾಗಾಗಿ ನೋಡೋದಾದ್ರೆ ಬೆಳಗ್ಗೆಯೇ ನೋಡಬೇಕು.

ಬರೀ ಹೂವಿನ ಫೋಟೊ ತೆಗೆದು ಆ್ಯಪ್‌ಗೆ ಕೊಟ್ಟರೆ ಗೊಂದಲವೇ ಜಾಸ್ತಿ, ಯಾಕಂದ್ರೆ ಇದರ ದಾಯಾದಿಗಳ ಹೂವೂ ಹೆಚ್ಚುಕಮ್ಮಿ ಹೀಗೇ. ಗುಟ್ಟಿರೋದು ಹೂವಿನ ಬುಡದಲ್ಲಿ. ಮಡಿಸಿದ ಎಲೆಯಂಥ ಹಸಿರು ದೊನ್ನೆಯೊಂದರೊಳಗಿಂದ ಹೂವು ಹೊರಗೆ ಬರುತ್ತೆ. ಕನ್ನೆ ಸೊಪ್ಪಿನಲ್ಲಿ, ಅಂದರೆ ಕಾಮೆಲಿನಾ ಬೆಂಗಾಲೆನ್ಸಿಸ್‌ನಲ್ಲಿ, ಈ ದೊನ್ನೆಯ ಅಂಚುಗಳು ಕೆಳಗಡೆ ಒಂದಕ್ಕೊಂದು ಬೆಸೆದುಕೊಂಡು ಆಲಿಕೆಯ ಆಕಾರ ಬಂದಿರುತ್ತೆ. ಮೆಲ್ಲಗೆ ಹಿಸುಕಿದ್ರೆ ಲೋಳೆನೀರು ಜಿನುಗುತ್ತೆ. ಅದೇ ತೇವದಲ್ಲಿ ಬೆಳೆಯೋ ಕಾಮೆಲಿನಾ ಡಿಫ್ಯೂಸಾದ ದೊನ್ನೆ ಬುಡದವರೆಗೂ ಬಿಚ್ಚಿಕೊಂಡಿರುತ್ತೆ, ಉದ್ದ ತೊಟ್ಟಿನ ಮೇಲೆ ನಿಂತಿರುತ್ತೆ, ಎಲೆಯೂ ಈಟಿಯಂತೆ ಕಿರಿದು. ಕನ್ನೆ ಸೊಪ್ಪಿನ ಎಲೆ ಅಗಲ, ಅಂಚು ಅಲೆಯಲೆ. ಎಲೆಬುಡ ಕಾಂಡವನ್ನು ಸುತ್ತಿಕೊಳ್ಳೋ ಜಾಗದಲ್ಲಿ ತುಕ್ಕಿನ ಬಣ್ಣದ ಕೂದಲು ಇದ್ದರೆ ಅನುಮಾನವೇ ಬೇಡ. ದೊನ್ನೆಯೇ ಇಲ್ಲದೆ ಮೂರೂ ಎಸಳು ಸಮನಾಗಿದ್ದರೆ ಅದು ಬೇರೆ ಕುಲದ ಗಿಡ.

ಎಸಳಿನ ವಿಷಯ ಬಂತಲ್ಲ, ಕಾಮೆಲಿನಾ ಹೆಸರಿನ ಹಿಂದೊಂದು ಕುಚೋದ್ಯ ಇದೆ. ಡಚ್ಚರ ಕಾಮೆಲಿನ್ ಮನೆತನದಲ್ಲಿ ಇಬ್ಬರು ಹೆಸರಾಂತ ಸಸ್ಯವಿಜ್ಞಾನಿಗಳಿದ್ದರು, ಮೂರನೆಯವನು ಏನೂ ಸಾಧಿಸದೆ ತೀರಿಕೊಂಡ. ಎದ್ದುಕಾಣುವ ಎರಡು ಎಸಳು ಆ ಇಬ್ಬರು, ಸಪ್ಪೆ ಮೂರನೆಯದು ಅವನು ಅಂದವನು ಲಿನೇಯಸ್. ಪಾಪ.

ಮಣ್ಣಿನೊಳಗೆ ನಡೆಯೋದು ಇನ್ನೂ ಸೋಜಿಗ. ಈ ಗಿಡ ನೆಲದಡಿಯಲ್ಲೂ ಹೂ ಬಿಡುತ್ತೆ! ಆ ಹೂಗಳು ಅರಳೋದೇ ಇಲ್ಲ, ಮುಚ್ಚಿಕೊಂಡೇ ತಮ್ಮೊಳಗೆ ಪರಾಗಸ್ಪರ್ಶ ಮುಗಿಸಿ ಬೀಜ ಕಟ್ಟುತ್ತವೆ. ಮೇಲಿನದನ್ನ ಯಾರು ಕತ್ತರಿಸಿದ್ರೂ ಕೆಳಗೆ ಬ್ಯಾಕಪ್ ರೆಡಿ. ಕತ್ತರಿಸಿದ ತುಂಡೂ ತೇವ ಸಿಕ್ಕರೆ ಗೆಣ್ಣಿನಲ್ಲಿ ಬೇರು ಬಿಡುತ್ತೆ, ಹಾಗಾಗಿ ಹುಲ್ಲು ಕತ್ತರಿಸೋ ಮಿಷನ್ ಓಡಿಸಿದ್ರೆ ಗಿಡ ಹರಡೋಕೆ ನಾವೇ ಸಹಾಯ ಮಾಡಿದಂತೆ. ಇದು ಪರದೇಶದ ಗಿಡವಾಗಿರೋ ಅಮೆರಿಕದಲ್ಲಿ 1983ರಲ್ಲೇ ಹಾನಿಕಾರಕ ಕಳೆಗಳ ಪಟ್ಟಿಗೆ ಸೇರಿಸಿದ್ದಾರೆ. ಗ್ಲೈಫೋಸೇಟ್ ಹೊಡೆದರೂ ಸುಲಭಕ್ಕೆ ಬಗ್ಗಲ್ಲ.

ಹಳೇ ಮೈಸೂರಿನ ಕಡೆ ಇದೇ ಗಿಡ ಬೆರಕೆ ಸೊಪ್ಪಿನಲ್ಲಿ ಸೇರಿ ಮಸ್ಸೊಪ್ಪಾಗುತ್ತೆ. ಗುರುತು ಸರಿಯಾಗಿ ಹಿಡೀಬೇಕು ಅನ್ನೋದು ಅದಕ್ಕೇ. ತಿನ್ನೋ ಆಸೆ ಇದ್ದೋರು ಊರಿಗೆ ಹೋದಾಗ ಸೊಪ್ಪು ಕೀಳೋ ಹಿರಿಯರ ಜೊತೆ ಹೊಲದ ಬದುವಿಗೆ ಹೋಗಿ. ಹಾಸ್ಟೆಲ್ ಹಿಂದಿನದು ನೋಡೋಕೆ ಮಾತ್ರ, ಬಾತ್‌ರೂಮಿನ ನೀರು ಹರಿಯೋದು ಅಲ್ಲೇ.