ಅರಿಶಿನದ ಹೊಳಪು, ಸೀಸದ ವಿಷ

ಸಾಂಗ್ಲಿ : ಅರಿಶಿನ ಕೊಳ್ಳುವವರು ಮೊದಲು ನೋಡುವುದು ಬಣ್ಣ. ಸಾಂಗ್ಲಿ ಮಾರ್ಕೆಟ್ ಯಾರ್ಡಿನ ಸವಾಲಿನಲ್ಲೂ ಅಷ್ಟೆ, ಮಿರಜಿನ ಕಿರಾಣಿ ಅಂಗಡಿಯಲ್ಲೂ ಅಷ್ಟೆ. ಹೊಳೆಯುವ ಕೊಂಬಿಗೆ ಒಂದು ದರ, ಮಂಕಾದದ್ದಕ್ಕೆ ಇನ್ನೊಂದು. ಹೊಳಪಿನ ಈ ಆಸೆಯೇ ದಕ್ಷಿಣ ಏಷ್ಯಾದ ಕೆಲವು ಊರುಗಳಲ್ಲಿ ಅರಿಶಿನದೊಳಗೆ ಸೀಸವನ್ನು ತಂದು ಸೇರಿಸಿದೆ.

ಗಡಿಯ ಹಳ್ಳಿಗಳಿಗೆ ಇದು ದೂರದ ಮಾತಲ್ಲ. ಅಥಣಿ, ರಾಯಬಾಗ, ಗೋಕಾಕ, ತೇರದಾಳ ಕಡೆಯ ಅರಿಶಿನವೂ ಮಾರಾಟಕ್ಕೆ ಬರುವುದು ಸಾಂಗ್ಲಿಗೇ. 2018 ರಲ್ಲಿ ಸಾಂಗ್ಲಿ ಅರಿಶಿನಕ್ಕೆ ಭೌಗೋಳಿಕ ಗುರುತು, ಅಂದರೆ ಜಿ.ಐ. ಮಾನ್ಯತೆ ಸಿಕ್ಕಿತು. ಆದರೆ ಆ ಗುರುತು ಊರಿನ ಹೆಸರನ್ನು ಕಾಯುತ್ತದೆಯೇ ಹೊರತು ಅಂಗಡಿಯ ಪ್ರತಿಯೊಂದು ಪೊಟ್ಟಣ ಶುದ್ಧವೆಂದು ಹೇಳುವುದಿಲ್ಲ.

ಬೆರಕೆಯ ವಸ್ತುವಿನ ಹೆಸರು ಲೆಡ್ ಕ್ರೋಮೇಟ್. ಗೋಡೆ, ಯಂತ್ರ, ರಸ್ತೆಯ ಪಟ್ಟೆಗಳ ಹಳದಿ ಬಣ್ಣಕ್ಕೆ ಬಳಸಿದ ಪುಡಿ ಇದು. ಇದರಲ್ಲಿ ಸೀಸ ಮತ್ತು ಕ್ರೋಮಿಯಂ ಎರಡೂ ಇವೆ. ಅಗೆದ ಅರಿಶಿನವನ್ನು ಕುದಿಸಿ, ಬಿಸಿಲಿಗೆ ಹರವಿ ಒಣಗಿಸಿ, ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಮೇಲಿನ ಒರಟು ಸಿಪ್ಪೆ ಹೋಗಿ ನುಣುಪು ಬರುತ್ತದೆ. ಇದಕ್ಕೇ ಪಾಲಿಶ್ ಎನ್ನುವುದು. ಮೋಸ ನಡೆಯುವುದಾದರೆ ಹೆಚ್ಚಾಗಿ ಇದೇ ಹಂತದಲ್ಲಿ. ಕೊಂಕಣ ದಂಡೆಯ ತಿಸರೆಯಂಥ ಚಿಪ್ಪಿನ ಜೀವಿಗಳು ನೀರನ್ನು ಸೋಸುತ್ತ ಅದರಲ್ಲಿದ್ದ ಲೋಹವನ್ನು ತಾವಾಗಿ ಮೈಗೆ ಸೇರಿಸಿಕೊಳ್ಳುತ್ತವೆ. ಅರಿಶಿನದ ಕಥೆ ಬೇರೆ. ಇಲ್ಲಿ ವಿಷವನ್ನು ಸೇರಿಸುವುದು ಮನುಷ್ಯನ ಕೈ. ಹಾಗಾಗಿ ನಿಲ್ಲಿಸುವುದೂ ಸುಲಭವಾಗಬೇಕು.

ಸುಲಭ ಎಂದು ತೋರಿಸಿದ್ದು ಬಾಂಗ್ಲಾದೇಶ. ಅಲ್ಲಿನ ಹಳ್ಳಿಗಳ ಗರ್ಭಿಣಿಯರ ರಕ್ತದಲ್ಲಿ ಸೀಸ ಹೆಚ್ಚಾಗಿರುವುದಕ್ಕೆ ಕಾರಣ ಹುಡುಕುತ್ತ ಹೋದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಹಾಗೂ ಢಾಕಾದ ಸಂಶೋಧಕರು ಕೊನೆಗೆ ಅರಿಶಿನದ ಡಬ್ಬಿಗೆ ಬಂದು ನಿಂತರು. 2019 ರಲ್ಲಿ ವರದಿ ಪ್ರಕಟವಾಯಿತು. ಈ ಚಾಳಿ ಶುರುವಾದದ್ದು 1980ರ ದಶಕದಲ್ಲಿ, ನೆರೆಯಿಂದ ಅರಿಶಿನ ಸರಿಯಾಗಿ ಒಣಗದೆ ಕಪ್ಪಿಟ್ಟಾಗ ಎಂದು ಅಲ್ಲಿಯವರು ಹೇಳಿದ್ದರು. ಸರ್ಕಾರ ಪತ್ರಿಕೆಗಳಲ್ಲಿ ಎಚ್ಚರಿಕೆ ಕೊಟ್ಟಿತು, ಢಾಕಾದ ಸಗಟು ಪೇಟೆಯ ಮೇಲೆ ದಾಳಿ ನಡೆಸಿ ದಂಡ ಹಾಕಿತು. 2019 ರಲ್ಲಿ ಮಾದರಿಗಳ ಪೈಕಿ ಶೇ. 47 ರಲ್ಲಿ ಸೀಸ ಕಂಡಿತ್ತು. 2021 ರಲ್ಲಿ ಒಂದರಲ್ಲೂ ಕಾಣಲಿಲ್ಲ.

ನೆರೆಯ ಮಾತು ಕೇಳಿದರೆ ಇಲ್ಲಿಯವರಿಗೆ ಹರಿಪುರ ನೆನಪಾಗುತ್ತದೆ. ಕೃಷ್ಣಾ-ವಾರಣಾ ಸಂಗಮದ ಆ ಊರಿನ ಪೇವುಗಳು, ನಮ್ಮ ಭಾಷೆಯಲ್ಲಿ ಹಗೇವುಗಳು, ಅರಿಶಿನವನ್ನು ವರ್ಷಗಟ್ಟಲೆ ಕಾಪಾಡುತ್ತಿದ್ದವು. 2005 ರ ಮಹಾಪೂರದಲ್ಲಿ ಅನೇಕ ಪೇವುಗಳು ಹಾಳಾದವು. 2019 ರಲ್ಲಿ ಕೃಷ್ಣೆ ಮತ್ತೆ ಉಕ್ಕಿದಳು. ಅದಕ್ಕಾಗಿ ಇಲ್ಲಿಯ ವ್ಯಾಪಾರಿಗಳನ್ನು ಅನುಮಾನಿಸಬೇಕಿಲ್ಲ. ಆದರೆ ಮಂಕಾದ ಮಾಲಿಗೆ ದರ ಬೀಳುವವರೆಗೆ ಬಣ್ಣ ಹಚ್ಚುವ ಆಸೆ ಎಲ್ಲಿ ಬೇಕಾದರೂ ಹುಟ್ಟಬಹುದು.

ಭಾರತದಲ್ಲಿ ಅರಿಶಿನಕ್ಕೆ ಸೀಸದ ಮಿತಿ ಕಿಲೋಗೆ 10 ಮಿಲಿಗ್ರಾಂ. ಲೆಡ್ ಕ್ರೋಮೇಟ್ ಅಂತೂ ಇರಲೇಕೂಡದು. 2024 ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾ, ನೇಪಾಳಗಳ 23 ನಗರಗಳಿಂದ ತಂದ ಅರಿಶಿನ ಪರೀಕ್ಷಿಸಲಾಗಿತ್ತು. ಪಾಟ್ನಾ, ಕರಾಚಿ, ಪೇಶಾವರಗಳ ಮಾದರಿಗಳಲ್ಲಿ ಕಿಲೋಗೆ 1000 ಮಿಲಿಗ್ರಾಂ ಮೀರಿದ ಸೀಸ ಸಿಕ್ಕಿತು. ಪಾಲಿಶ್ ಮಾಡಿದ ಕೊಂಬು ಮತ್ತು ಬಿಡಿ ಪುಡಿಯಲ್ಲಿ ಬೆರಕೆ ಹೆಚ್ಚು, ಹೆಸರುವಾಸಿ ಪೊಟ್ಟಣಗಳಲ್ಲಿ ಕಡಿಮೆ.

ಚಿಟಿಕೆ ಅರಿಶಿನದಿಂದ ಏನಾದೀತು ಎನ್ನುವವರಿದ್ದಾರೆ. ಆದರೆ ಆ ಚಿಟಿಕೆ ದಿನಕ್ಕೆರಡು ಬಾರಿ ಬೀಳುತ್ತದೆ, ಹಾಲಿಗೂ ಬೀಳುತ್ತದೆ. ಸೀಸ ಎಲುಬಿನಲ್ಲಿ ಕುಳಿತು ವರ್ಷಗಟ್ಟಲೆ ಉಳಿಯುತ್ತದೆ, ಬಸುರಿನಲ್ಲಿ ತಾಯಿಯಿಂದ ಮಗುವಿಗೂ ಹೋಗುತ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರುತ್ತದೆ. ಕಬ್ಬಿಣದ ಅಂಶ ಕಡಿಮೆ ಇರುವ ಮಕ್ಕಳಲ್ಲಿ ಇನ್ನೂ ಹೆಚ್ಚು. ಬುದ್ಧಿಯ ಬೆಳವಣಿಗೆ ಕುಂಠಿತವಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಯೊಂದನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಗಾಜಿನ ಲೋಟದ ನೀರಿಗೆ ಇಡೀ ಕೊಂಬು ಹಾಕಬೇಕು. ತಕ್ಷಣ ದಟ್ಟ ಹಳದಿ ಬಿಟ್ಟರೆ ಬಣ್ಣ ಹಚ್ಚಿದೆ ಎಂದರ್ಥ. ಆದರೆ ಅಲ್ಪ ಪ್ರಮಾಣದ ಬೆರಕೆ ಇದರಲ್ಲಿ ತಪ್ಪಿಸಿಕೊಳ್ಳಬಹುದು, ಖಚಿತವಾಗಿ ಹೇಳುವುದು ಪ್ರಯೋಗಾಲಯ ಮಾತ್ರ. ಸುಣ್ಣ ಹಾಕಿದಾಗ ಕೆಂಪಾಗುವುದನ್ನು ಕಲಬೆರಕೆಯ ಗುರುತೆಂದು ತಿಳಿಯುವವರುಂಟು. ಅದು ಅರಿಶಿನದ ಸಹಜ ಗುಣ, ಆರತಿಯ ಓಕುಳಿ ನೀರು ಕೆಂಪಾಗುವುದೂ ಅದರಿಂದಲೇ. ಸೀಸಕ್ಕೂ ಅದಕ್ಕೂ ಸಂಬಂಧವಿಲ್ಲ.

ಪಾಲಿಶ್ ಇಲ್ಲದ ಕೊಂಬನ್ನು ಪರಿಚಯದ ರೈತರಿಂದ ಕೊಂಡು ಕಣ್ಣೆದುರೇ ಗಿರಣಿಯಲ್ಲಿ ಬೀಸಿಸುವುದು ಹಳ್ಳಿಯವರಿಗೆ ಈಗಲೂ ಸಾಧ್ಯ. ಅನುಮಾನ ಬಂದರೆ ಕಾನೂನಿನ ದಾರಿಯೂ ಇದೆ. 2006 ರ ಆಹಾರ ಸುರಕ್ಷತಾ ಕಾಯ್ದೆಯ 40 ನೇ ಕಲಮಿನ ಪ್ರಕಾರ ಗಿರಾಕಿಯೇ ಶುಲ್ಕ ಕಟ್ಟಿ ತಾನು ಕೊಂಡ ಪದಾರ್ಥವನ್ನು ಪರೀಕ್ಷೆಗೆ ಕಳಿಸಬಹುದು. ಕೊಳ್ಳುವಾಗಲೇ ಅಂಗಡಿಯವನಿಗೆ ಆ ಮಾತು ತಿಳಿಸಿರಬೇಕು. ಮಾಲು ಕೆಟ್ಟದ್ದೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ. ದೂರು ಕೊಡುವುದಾದರೆ ಮಿರಜಿನಲ್ಲಿ ಕೊಂಡ ಮಾಲಿಗೆ ಮಹಾರಾಷ್ಟ್ರದ ಅನ್ನ-ಔಷಧ ಆಡಳಿತದ ಸಾಂಗ್ಲಿ ಕಚೇರಿ, ಕಾಗವಾಡ, ಅಥಣಿಯಲ್ಲಿ ಕೊಂಡದ್ದಕ್ಕೆ ಬೆಳಗಾವಿ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳು. ಹೋಗುವಾಗ ಅಂಗಡಿಯ ಪಾವತಿ ಜೊತೆಗಿರಲಿ.