ಮರಗಳ ನಡುವಣ ಚಕ್ರದಾಟ

ಮಂಚಿಕೇರಿಯಂತಹ ನಮ್ಮ ಮಲೆನಾಡಿನ ಊರುಗಳಲ್ಲಿ ಶಾಲೆಗೊಂದು ಆಟದ ಬಯಲು ಬೇಕೆಂದರೆ ಗುಡ್ಡವನ್ನು ಕಡಿದು, ಮರಗಳನ್ನು ಉರುಳಿಸಬೇಕೆಂದೇ ಜನರ ಭಾವನೆ. ಡಿಸ್ಕ್ ಗಾಲ್ಫ್ ಎಂಬ ಆಟಕ್ಕೆ ಇವಾವುವೂ ಬೇಡ. ತಟ್ಟೆಯಂತಹ ಪ್ಲಾಸ್ಟಿಕ್ಕಿನ ಚಕ್ರವನ್ನು ಎಸೆದು, ಬಿದ್ದೆಡೆಯಿಂದಲೇ ಪುನಃ ಎಸೆಯುತ್ತ, ಸರಪಣಿಗಳು ತೂಗುವ ಕಂಬದ ಬುಟ್ಟಿಗೆ ಅದನ್ನು ಮುಟ್ಟಿಸತಕ್ಕದ್ದು. ಎಸೆತಗಳು ಕಡಿಮೆಯಾದವನಿಗೆ ಜಯ. ಮರಗಳೇ ಇಲ್ಲಿ ಪ್ರತಿಪಕ್ಷದವರು. ಅವನ್ನು ಕಡಿದರೆ ಆಟದ ಸ್ವಾರಸ್ಯವೇ ಹೋಯಿತು!

1975ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಓಕ್ ಗ್ರೋವ್ ಉದ್ಯಾನದಲ್ಲಿ ಎಡ್ ಹೆಡ್ರಿಕ್ ಎಂಬವರು ಇದಕ್ಕೆ ಮೊದಲ ಸ್ಥಿರವಾದ ಅಂಗಣವನ್ನು ಏರ್ಪಡಿಸಿದರು. ಆಗ ಗುರಿಯೆಂದರೆ ಬರಿಯ ಕಂಬ. ಸರಪಣಿಯ ಬುಟ್ಟಿಯನ್ನು ಅವರೇ ಅನಂತರ ಕಲ್ಪಿಸಿದರು. 2002ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಬೆರೆಸಿ ಚಕ್ರಗಳನ್ನು ಮಾಡಿದರಂತೆ. ನಮಗೆ ಗಂಗೆ ಹೇಗೋ ಅವರಿಗೆ ಆಟ ಹಾಗೆ!

ಅಲ್ಲಿಯ ಪಟ್ಟಣಗಳ ಕಾಲೇಜು ಆವರಣಗಳಲ್ಲಿ ಇಂತಹ ಕಿರಿಯ ಅಂಗಣಗಳುಂಟು. ದೂರ ಸ್ವಲ್ಪವಾದುದರಿಂದ ತೋಳಿನ ಬಲಕ್ಕಿಂತ ಕೈಯ ಹದವೇ ಹೆಚ್ಚು. ಮೊಮ್ಮಗಳು ಅಜ್ಜನನ್ನು ಸೋಲಿಸಬಹುದು. ಆದರೆ ಈ ಚಕ್ರದ ಅಂಚು ಮಕ್ಕಳ ಆಟಿಕೆಯಂತೆ ಮೃದುವಲ್ಲ. ಹಾದಿಹೋಕರು ದಾಟುವ ತನಕ ಎಸೆಯದೆ ನಿಲ್ಲತಕ್ಕದ್ದು.

ನಮ್ಮಲ್ಲಿ ಬುಟ್ಟಿಗೆ ಹಣವಿಲ್ಲದ ಶಾಲೆಯವರು ಮರಕ್ಕೊಂದು ಬಣ್ಣದ ಬಟ್ಟೆ ಸುತ್ತಿ ಗುರಿಯೆಂದೆಣಿಸಿದರೂ ಸಾಕು. ಮಳೆಗಾಲದಲ್ಲಿ ಮಾತ್ರ, ಪೊದೆಯಲ್ಲಿ ಚಕ್ರ ಹುಡುಕಹೋದವರನ್ನು ಉಂಬಳಗಳು ಬಿಡಲಾರವು.